ಬಾಗಿಲಿನ ಹೆಗಲು

ಬೆಂಗಳೂರಿನಿಂದ ಮುಂಬೈಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿಬರುವವರಿಗೆ ದೌಂಡ ಗೊತ್ತು. ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ ದಾಟಿದ ಗಾಡಿ ಪುಣೆಗೆ ಮುಂಚೆ ನಿಲ್ಲುವ ದೊಡ್ಡ ಜಂಕ್ಷನ್ ಅದು. ಊರಿನ ಪಕ್ಕದಲ್ಲೇ ಭೀಮಾ ನದಿ. ಹಳಿಯೂ ಹೊಳೆಯೂ ದೌಂಡವನ್ನು ನಮ್ಮ ರಾಯಚೂರಿಗೆ ಕಟ್ಟಿಹಾಕಿವೆ. ಇಲ್ಲಿ ಹರಿಯುವ ನೀರು ಪಂಢರಪುರ, ಗಾಣಗಾಪುರಗಳನ್ನು ಹಾದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಇತ್ತ ಮುಂಬೈ ಕಡೆಯಿಂದ ಹೊರಟ ಹಳಿಯೂ ಮದ್ರಾಸಿನ ಹಳಿಯೂ 1871ರಲ್ಲಿ ಕೂಡಿದ್ದು ಅದೇ ರಾಯಚೂರಿನಲ್ಲಿ.

ಈ ಹಾದಿಯ ಉದ್ದಕ್ಕೂ ಒಂದು ಆಕಾರ ಮತ್ತೆಮತ್ತೆ ಕಣ್ಣಿಗೆ ಬೀಳುತ್ತದೆ. ಎರಡು ಕಡೆಯಿಂದ ಬಾಗಿ ಬಂದು ನೆತ್ತಿಯಲ್ಲಿ ಚೂಪಾಗಿ ಕೂಡುವ ಕಮಾನು. ರಾಯಚೂರು ಕೋಟೆಯ ಹೊರಸುತ್ತಿನ ಹೆಬ್ಬಾಗಿಲುಗಳಲ್ಲಿ ಅದಿದೆ, 1367ರಲ್ಲಿ ಕಟ್ಟಿದ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿದೆ. ಗಾಡಿ ಕೊನೆಗೆ ಹೋಗಿ ನಿಲ್ಲುವ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ನಿಲ್ದಾಣದ ಮುಖದ ಮೇಲೂ ಇದೆ. ಮೊದಲಿನವು ಬಹಮನಿ ಮತ್ತು ಆದಿಲಶಾಹಿ ಕಾಲದ ಗೌಂಡಿಗಳ ಕೆಲಸ. ಕೊನೆಯದು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯದು. ಯುರೋಪಿನ ಮಧ್ಯಯುಗದ ಗಾಥಿಕ್ ಶೈಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿಸಿ 1888ರ ಹೊತ್ತಿಗೆ ಮುಗಿಸಿದ್ದು. ಗಾಥಿಕ್ ಕಾಲದ ಯುರೋಪಿನ ಇಗರ್ಜಿಗಳಲ್ಲೂ ಊರಬಾಗಿಲುಗಳಲ್ಲೂ ಕಾಣುವ ಕಮಾನು ಭೀಮಾ ತೀರದ ಕೋಟೆಗಳಿಗೆ ಹೇಗೆ ಬಂತು? ಎರಡೂ ಕಡೆಯವರಿಗೆ ಅದು ಅಷ್ಟು ಹಿಡಿಸಿದ್ದು ಏಕೆ? ಅಂದಕ್ಕೆ ಎಂದು ಹೇಳಿ ಮುಗಿಸಬಹುದು. ಆದರೆ ಕಲ್ಲಿನ ಕೆಲಸದಲ್ಲಿ ಬರೀ ಅಂದಕ್ಕೆಂದು ಮಾಡಿದ ವಸ್ತು ಐನೂರು ವರ್ಷ ನಿಲ್ಲುವುದು ಅಪರೂಪ.

ಒಂದೇ ಕೋಟೆ, ಎರಡು ವಿದ್ಯೆ

ದೌಂಡಕ್ಕೆ ಸಮೀಪದಲ್ಲೇ, ಭೀಮೆಯ ದಂಡೆಯ ಮೇಲೆ ಪೇಡಗಾಂವ್ ಇದೆ. ಅಹ್ಮದನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆಯ ಊರು. ಮೊಗಲ್ ಸರದಾರ ಬಹಾದ್ದೂರ್ ಖಾನನ ಹೆಸರಿನಿಂದ ಅಲ್ಲಿನ ಕೋಟೆ ಬಹಾದ್ದೂರಗಡವಾಯಿತು. 1689ರ ಫೆಬ್ರವರಿಯಲ್ಲಿ ಸಂಗಮೇಶ್ವರದಲ್ಲಿ ಸೆರೆಸಿಕ್ಕ ಸಂಭಾಜಿ ಮಹಾರಾಜರನ್ನೂ ಅವರ ಆಪ್ತ ಕವಿ ಕಲಶನನ್ನೂ ಔರಂಗಜೇಬನ ಎದುರಿಗೆ ತಂದು ನಿಲ್ಲಿಸಿದ್ದು ಇಲ್ಲೇ. ಈಗ ಮರಾಠಿಗರು ಇದನ್ನು ಧರ್ಮವೀರಗಡ ಎನ್ನುತ್ತಾರೆ.

ಕಟ್ಟಡವಿದ್ಯೆಯ ಕಣ್ಣಿನಿಂದ ನೋಡುವವರಿಗೆ ಈ ಕೋಟೆಯಲ್ಲಿ ಇನ್ನೊಂದು ವಿಶೇಷವಿದೆ. ಕೋಟೆಗೆ ಹೊಗುವುದು ಕಮಾನಿನ ಬಾಗಿಲಿನಿಂದ. ಒಳಗೆ ಯಾದವರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಂಥ ಹಳೆಯ ಗುಡಿಗಳಿವೆ. ಅವುಗಳಲ್ಲಿ ಕಮಾನಿನ ಸುಳಿವೇ ಇಲ್ಲ. ಕಂಬ ನಿಲ್ಲಿಸಿ, ಕಂಬದ ಮೇಲೆ ಉದ್ದನೆಯ ಕಲ್ಲು ಅಡ್ಡ ಇಟ್ಟು, ಅದರ ಮೇಲೆ ಚಪ್ಪಡಿ ಹಾಸಿದ್ದಾರೆ. ನಾವು ಹಂಪಿಯಲ್ಲಿ, ಹಳೇಬೀಡಿನಲ್ಲಿ, ಲಕ್ಕುಂಡಿಯಲ್ಲಿ ಕಂಡದ್ದೂ ಇದೇ ವಿಧಾನ. ಅಡ್ಡಗಲ್ಲನ್ನು ತೊಲೆಗಲ್ಲು ಎನ್ನೋಣ.

ನಮ್ಮ ಶಿಲ್ಪಿಗಳು ತೊಲೆಗಲ್ಲಿನಲ್ಲಿ ತೋರಿದ ಕೈಚಳಕ ಸಾಮಾನ್ಯದ್ದಲ್ಲ. ಅದರ ಎಲ್ಲೆ ಎಲ್ಲಿದೆ ಎಂದು ತಿಳಿಯಲು ನದಿಯ ಕೆಳದಿಕ್ಕಿಗೆ, ರಾಯಚೂರಿಗೆ ಹೋಗಬೇಕು.

ನಲವತ್ತೊಂದು ಅಡಿಯ ಕಲ್ಲು

ರಾಯಚೂರು ಕೋಟೆಯ ಒಳಸುತ್ತು ಕಾಕತೀಯರದು. ಅವರ ಅಧಿಕಾರಿ ಗೋರೆ ಗನ್ನಯ್ಯ ಕಟ್ಟಿಸಿದನೆಂದು 1294ರ ಶಾಸನ ಹೇಳುತ್ತದೆ. ಆ ಶಾಸನ ಕೊರೆದಿರುವ ಕಲ್ಲು ಒಂದೇ ತುಂಡು, ಉದ್ದ 41 ಅಡಿಗೂ ಹೆಚ್ಚು. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆಂದು ಕೇಳುವವರಿಗಾಗಿಯೇ ಇರಬೇಕು, ಗೋಡೆಯ ಮೇಲೆ ಚಿತ್ರವನ್ನೂ ಕೊರೆದಿದ್ದಾರೆ. ಗಟ್ಟಿಚಕ್ರದ ಬಂಡಿಯ ಮೇಲೆ ಕಲ್ಲು ಮಲಗಿದೆ. ಮುಂದೆ ಕೋಣಗಳ ಉದ್ದ ಸಾಲು. ಅವನ್ನು ಹುರಿದುಂಬಿಸಿ ಹೊಡೆಯುವ ಆಳುಗಳು. ಹಿಂದೆ ಚಕ್ರಕ್ಕೆ ಸನ್ನೆ ಕೊಟ್ಟು ಮೀಟುತ್ತಿರುವವರು. ಕಟ್ಟಡದ ಕೂಲಿಕಾರರ ದುಡಿಮೆಯನ್ನು ಕಟ್ಟಡದ ಮೇಲೇ ಇಷ್ಟು ನೇರವಾಗಿ ಬರೆದಿಟ್ಟ ಚಿತ್ರ ನಮ್ಮಲ್ಲಿ ಬಹಳ ಇಲ್ಲ. ರಾಯಚೂರಿಗೆ ಹೋದವರು ಇದನ್ನು ನೋಡದೆ ಬರಬಾರದು.

41 ಅಡಿಯ ಕಲ್ಲು ತರಬಲ್ಲವರಿಗೆ ಮೂವತ್ತು ಅಡಿ ಅಗಲದ ಬಾಗಿಲು ಮಾಡುವುದು ಏನು ಕಷ್ಟ? ಕಂಬದಿಂದ ಕಂಬಕ್ಕೆ ಆ ಕಲ್ಲನ್ನು ಇಟ್ಟುಬಿಟ್ಟರೆ ಆಯಿತಲ್ಲ? ಹಾಗೆ ಯಾರೂ ಮಾಡಲಿಲ್ಲ. ಕಲ್ಲಿನ ಸ್ವಭಾವ ಅವರಿಗೆ ಗೊತ್ತಿತ್ತು.

ತೊಲೆಗಲ್ಲು ತನ್ನ ಭಾರಕ್ಕೇ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದಾಗ ಮೇಲ್ಮುಖ ಒತ್ತಿಕೊಳ್ಳುತ್ತದೆ, ಕೆಳಮುಖ ಹಿಗ್ಗುತ್ತದೆ. ಒತ್ತಿದರೆ ಕಲ್ಲಿಗೆ ಏನೂ ಆಗುವುದಿಲ್ಲ, ಆನೆಯ ಮೇಲೆ ಆನೆ ನಿಂತರೂ ತಡೆಯುತ್ತದೆ. ಎಳೆದರೆ ಮಾತ್ರ ಬೇಗ ಸೋಲುತ್ತದೆ. ಕಲ್ಲು ತಡೆಯುವ ಎಳೆತ, ಅದು ತಡೆಯುವ ಒತ್ತಿನ ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಇರುವುದೇ ಹೆಚ್ಚು. ಹೀಗಾಗಿ ತೊಲೆಗಲ್ಲು ಬಿರಿಯುವುದು ಯಾವಾಗಲೂ ಕೆಳಗಿನಿಂದ. ಮೇಲಾಗಿ ದಪ್ಪ ಅಷ್ಟೇ ಇಟ್ಟು ಅಗಲವನ್ನು ಇಮ್ಮಡಿ ಮಾಡಿದರೆ, ತನ್ನದೇ ಭಾರದಿಂದ ಕೆಳಮುಖಕ್ಕೆ ಬೀಳುವ ಎಳೆತ ನಾಲ್ಕು ಪಟ್ಟಾಗುತ್ತದೆ. ಸಣ್ಣ ಬಾಗಿಲಿಗೆ ಸಲೀಸಾದ ವಿಧಾನ ದೊಡ್ಡ ಬಾಗಿಲಿನಲ್ಲಿ ಕೈಕೊಡುವುದು ಇದಕ್ಕೇ.

ಹಂಪಿಯ ಭೀಮನ ಬಾಗಿಲಿನಲ್ಲಿ ಇದಕ್ಕೆ ಒಂದು ಜಾಣ ಉಪಾಯ ಕಾಣಬಹುದು. ಎರಡೂ ಬದಿಯ ಗೋಡೆಯಿಂದ ದಪ್ಪನೆಯ ಚಾಚುಗಲ್ಲುಗಳನ್ನು ಮುಂದೆ ಚಾಚಿ ನಡುವಿನ ತೆರವನ್ನು ಕಿರಿದು ಮಾಡಿದ್ದಾರೆ. ಉಳಿದ ಜಾಗಕ್ಕಷ್ಟೇ ತೊಲೆಗಲ್ಲು. ಅದೇ ಹಂಪಿಯಲ್ಲಿ ಗುಮ್ಮಟದ ಬಾಗಿಲೂ ಇದೆ, ಅದು ಚೂಪುಕಮಾನಿನದು. ವಿಜಯನಗರದವರು ಎರಡೂ ವಿದ್ಯೆಯನ್ನು ಒಂದೇ ಊರಿನಲ್ಲಿ ಬಳಸಿದರು. ಹಿಂದೂ ಕಟ್ಟಡ, ಮುಸ್ಲಿಂ ಕಟ್ಟಡ ಎಂದು ನಾವು ಪಠ್ಯಪುಸ್ತಕದಲ್ಲಿ ಎಳೆಯುವ ಗೆರೆ ಗೌಂಡಿಯ ಕೈಯಲ್ಲಿ ಅಷ್ಟು ದಪ್ಪವಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕಮಾನು ಎಲ್ಲಿ ಒದೆಯುತ್ತದೆ

ಕಮಾನಿನಲ್ಲಿ ಉದ್ದನೆಯ ಕಲ್ಲೇ ಇರುವುದಿಲ್ಲ. ಮೇಲ್ಗಡೆ ಅಗಲ, ಕೆಳಗಡೆ ಕಿರಿದು ಇರುವ ಬೆಣೆಗಲ್ಲುಗಳನ್ನು ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ. ಕೆಲಸ ಮುಗಿಯುವವರೆಗೆ ಕೆಳಗೆ ಮರದ ಚೌಕಟ್ಟೋ ಮಣ್ಣಿನ ದಿಬ್ಬವೋ ಹೊರೆ ಹೊತ್ತಿರುತ್ತದೆ. ನೆತ್ತಿಗಲ್ಲು ಕೂತ ಮೇಲೆ ಅದನ್ನು ತೆಗೆಯುತ್ತಾರೆ. ಪ್ರತಿ ಕಲ್ಲೂ ಕೆಳಗೆ ಜಾರಲು ನೋಡುತ್ತದೆ, ಜಾರಬೇಕಾದರೆ ಪಕ್ಕದ ಕಲ್ಲನ್ನು ಸರಿಸಬೇಕು, ಅದು ತನ್ನ ಪಕ್ಕದ್ದನ್ನು. ಹೀಗೆ ಎಲ್ಲವೂ ಒಂದನ್ನೊಂದು ಅದುಮಿಕೊಂಡು ನಿಲ್ಲುತ್ತವೆ. ಎಳೆತವೆಂಬುದೇ ಉಳಿಯುವುದಿಲ್ಲ. ಕಲ್ಲಿಗೆ ಒಗ್ಗದ ಕೆಲಸವನ್ನು ತೆಗೆದುಹಾಕಿ, ಒಗ್ಗುವ ಕೆಲಸವನ್ನಷ್ಟೇ ಅದಕ್ಕೆ ಒಪ್ಪಿಸಿದಂತಾಯಿತು.

ಬೀದರಿನಲ್ಲಿ ಇದರ ಇನ್ನೊಂದು ಲಾಭ ಕಾಣುತ್ತದೆ. ಆ ಸೀಮೆಯಲ್ಲಿ ಕೈಗೆಟಕುವುದು ಜಂಬಿಟ್ಟಿಗೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವ, ತೂತುತೂತಾದ ಕೆಂಪುಕಲ್ಲು. ಅದರಿಂದ ಉದ್ದನೆಯ ತೊಲೆ ತೆಗೆಯಲಾಗದು. ಸಣ್ಣ ಸಣ್ಣ ಬೆಣೆಗಲ್ಲುಗಳನ್ನು ಎಷ್ಟು ಬೇಕಾದರೂ ತೆಗೆಯಬಹುದು.

ಆದರೆ ಕಮಾನು ಒಂದು ಬೆಲೆ ಕೇಳುತ್ತದೆ. ಗಣಪತಿ ಪೆಂಡಾಲಿನ ಹುಡುಗರು ಎರಡು ಏಣಿಗಳ ತಲೆಯನ್ನು ಕೂಡಿಸಿ ಕಟ್ಟಿ, ಕಾಲು ಅಗಲಿಸಿ ನಿಲ್ಲಿಸುವುದನ್ನು ನೋಡಿದ್ದೀರಲ್ಲ. ಮೇಲೆ ಒಬ್ಬ ಹತ್ತಿದೊಡನೆ ಏಣಿಯ ಬುಡಗಳು ಆಚೆಗೂ ಈಚೆಗೂ ಸರಿಯಲು ನೋಡುತ್ತವೆ. ಅದಕ್ಕೇ ಒಬ್ಬೊಬ್ಬರು ಬುಡಕ್ಕೆ ಕಾಲು ಕೊಟ್ಟು ನಿಲ್ಲುತ್ತಾರೆ. ಏಣಿಗಳನ್ನು ಬಹಳ ಅಗಲಿಸಿ ತಗ್ಗು ಮಾಡಿದರೆ ಬುಡ ಜೋರಾಗಿ ಜಾರುತ್ತದೆ. ಹತ್ತಿರ ತಂದು ಕಡಿದಾಗಿ ನಿಲ್ಲಿಸಿದರೆ ಜಾರುವ ಹಟ ಕಡಿಮೆಯಾಗುತ್ತದೆ. ಹೊರೆ ಅಷ್ಟೇ, ಬದಲಾದದ್ದು ಎತ್ತರ ಮತ್ತು ಅಗಲದ ಲೆಕ್ಕ.

ಕಮಾನಿನ ಬುಡಗಳೂ ಹೀಗೇ ಹೊರಗಡೆಗೆ ತಳ್ಳುತ್ತವೆ. ಎಂಜಿನಿಯರುಗಳು ಥ್ರಸ್ಟ್ ಎನ್ನುವ ಈ ತಳ್ಳನ್ನು ಒದೆತ ಎಂದು ಕರೆಯೋಣ. ಅಗಲವೂ ಹೊರೆಯೂ ಅಷ್ಟೇ ಇದ್ದು ಕಮಾನಿನ ಎತ್ತರ ಇಮ್ಮಡಿಯಾದರೆ ಒದೆತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಎತ್ತರದ ಕಮಾನಿಗೆ ಕಲ್ಲು ಜಾಸ್ತಿ ಬೇಕು, ಭಾರ ಸ್ವಲ್ಪ ಏರುತ್ತದೆ, ಆದ್ದರಿಂದ ನಿಜವಾದ ಲಾಭ ಇದಕ್ಕಿಂತ ಕಡಿಮೆ. ಆದರೂ ಲಾಭ ಲಾಭವೇ.

ಎರಡು ಗೂಟ, ಒಂದು ಹಗ್ಗ

ಅರೆವೃತ್ತದ ಕಮಾನಿಗೆ ಒಂದು ಕಟ್ಟುಪಾಡಿದೆ. ಅಗಲ ಹತ್ತು ಅಡಿಯಾದರೆ ಎತ್ತರ ಐದು ಅಡಿ, ಅದನ್ನು ಹೆಚ್ಚಿಸಲಾಗದು, ತಗ್ಗಿಸಲಾಗದು. ಹೆಚ್ಚು ಎತ್ತರ ಬೇಕೆಂದರೆ ಬಾಗಿಲನ್ನೇ ಅಗಲ ಮಾಡಬೇಕು. ಕೋಟೆಯ ಬಾಗಿಲನ್ನು ಬೇಕಾಬಿಟ್ಟಿ ಅಗಲ ಮಾಡಿದರೆ ಅದು ವೈರಿಗೆ ಅನುಕೂಲ.

ಚೂಪುಕಮಾನು ಈ ಗಂಟನ್ನು ಬಿಡಿಸಿತು. ನೆಲದ ಮೇಲೆ ಹತ್ತು ಅಡಿಯ ಗೆರೆ ಎಳೆದು ಎರಡೂ ತುದಿಗೆ ಗೂಟ ಹೊಡೆಯಿರಿ. ಒಂದು ಗೂಟಕ್ಕೆ ಹತ್ತು ಅಡಿಯ ಹಗ್ಗ ಕಟ್ಟಿ, ಎದುರು ತುದಿಯಿಂದ ಮೇಲಕ್ಕೆ ಕಮಾನು ಗೆರೆ ಎಳೆಯಿರಿ. ಇನ್ನೊಂದು ಗೂಟದಿಂದಲೂ ಹಾಗೇ. ಎರಡು ಗೆರೆ ಕೂಡುವಲ್ಲಿ ಎತ್ತರ 8.7 ಅಡಿಗೆ ಹತ್ತಿರ. ಗೂಟಗಳನ್ನು ಒಳಗೆ ಸರಿಸಿ ಹಗ್ಗ ಗಿಡ್ಡ ಮಾಡಿದರೆ ನೆತ್ತಿ ಇಳಿಯುತ್ತದೆ; ಹೊರಗೆ ಸರಿಸಿ ಹಗ್ಗ ಉದ್ದ ಮಾಡಿದರೆ ಇನ್ನೂ ಏರುತ್ತದೆ. ಅಗಲ ಮಾತ್ರ ಕದಲುವುದಿಲ್ಲ. ಅಂಬಾರಿ ಹೊತ್ತ ಆನೆಗೆ ಎತ್ತರ ಬೇಕು, ಕಾವಲಿಗೆ ಅಗಲ ಕಡಿಮೆ ಇರಬೇಕು. ಗೌಂಡಿ ಗೂಟ ಸರಿಸಿ ಎರಡನ್ನೂ ಹೊಂದಿಸಬಲ್ಲ. ಬಿಜಾಪುರದವರು ಇದಕ್ಕೆ ಇನ್ನೊಂದು ಮೆರುಗು ಕೊಟ್ಟರು. ಬುಡದಿಂದ ಬಾಗಿ ಬರುವ ಗೆರೆಯನ್ನು ನಡುವೆ ಬಿಟ್ಟು, ಅಲ್ಲಿಂದ ನೆತ್ತಿಯವರೆಗೆ ನೆಟ್ಟಗೆ ಎಳೆದರು. ಆದಿಲಶಾಹಿ ಕಮಾನನ್ನು ದೂರದಿಂದಲೇ ಗುರುತಿಸಲು ಆ ನೆಟ್ಟಗೆರೆ ಸಾಕು.

ಒಂದು ಬೇರು, ಎರಡು ಕೊಂಬೆ

ಈ ವಿದ್ಯೆ ಯುರೋಪಿನಿಂದ ನಮಗೆ ಬಂದದ್ದಲ್ಲ, ನಮ್ಮಿಂದ ಅಲ್ಲಿಗೆ ಹೋದದ್ದೂ ಅಲ್ಲ. ಎರಡಕ್ಕೂ ಬೇರು ಪಶ್ಚಿಮ ಏಷ್ಯಾದಲ್ಲಿದೆ. ಕೈರೋದ ಇಬ್ನ್ ತುಲೂನ್ ಮಸೀದಿಯಲ್ಲಿ 9ನೇ ಶತಮಾನಕ್ಕೇ ಚೂಪುಕಮಾನಿನ ಸಾಲುಸಾಲು ಇವೆ. ಯುರೋಪಿನಲ್ಲಿ ಅದು ನೆಲೆಯೂರಿದ್ದು 11ನೇ ಶತಮಾನದ ಕೊನೆಯ ಹೊತ್ತಿಗೆ. ಪ್ಯಾರಿಸ್ ಬಳಿಯ ಸೇಂಟ್ ಡೆನಿಸ್ ಇಗರ್ಜಿಯನ್ನು ಮಠಾಧಿಪತಿ ಸೂಜೆ 1140ರಿಂದ 1144ರ ನಡುವೆ ವಿಸ್ತರಿಸಿದಾಗ ಅದು ಗಾಥಿಕ್ ಎಂಬ ಪೂರ್ಣ ಪದ್ಧತಿಯಾಗಿ ಅರಳಿತು. ಇಗರ್ಜಿಯಲ್ಲಿ ಗಟ್ಟಿಯಾದ ವಿದ್ಯೆ ಊರಬಾಗಿಲಿಗೂ ಇಳಿಯಿತು.

ಇನ್ನೊಂದು ಕೊಂಬೆ ದಿಲ್ಲಿಗೆ ಚಾಚಿತು. ಭಾರತಕ್ಕೆ ಕಮಾನು ಪೂರ್ತಿ ಹೊಸದೇನಲ್ಲ. ಭೀತರಗಾಂವ್‌ನ ಗುಪ್ತರ ಕಾಲದ ಇಟ್ಟಿಗೆ ಗುಡಿಯಲ್ಲೇ ಅದಿದೆ. ಆದರೆ ದೊಡ್ಡ ಕಲ್ಲುಕಟ್ಟಡಗಳಲ್ಲಿ ಅದಕ್ಕೆ ಜಾಗ ಸಿಕ್ಕಿರಲಿಲ್ಲ. 1190ರ ದಶಕದ ಕೊನೆಗೆ ಕುತುಬ್ ಆವರಣದ ಮಸೀದಿಯ ಮುಂದೆ ಎತ್ತರದ ಕಮಾನುಗೋಡೆ ಕಟ್ಟಲು ಹೇಳಿದಾಗ ಅಲ್ಲಿನ ಕೆಲಸಗಾರರು ಆಕಾರವನ್ನಷ್ಟೇ ಚೂಪುಕಮಾನಿನಂತೆ ಮಾಡಿದರು. ಕಲ್ಲುಗಳನ್ನು ಮಲಗಿಸಿ, ಒಂದರ ಮೇಲೊಂದು ಚಾಚಿ ಕಟ್ಟಿದರು. ಕಣ್ಣಿಗೆ ಕಮಾನು, ಒಳಗೆ ಚಾಚುಗಲ್ಲು. ಅದೇ ಆವರಣದ 1311ರ ಅಲಾಯಿ ದರ್ವಾಜಾದ ಹೊತ್ತಿಗೆ ಬೆಣೆಗಲ್ಲಿನ ನಿಜಕಮಾನು ಪಳಗಿಹೋಗಿತ್ತು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಅದು ಕಲಬುರಗಿಯಲ್ಲಿ, ಆಮೇಲೆ ಬೀದರಿನಲ್ಲಿ, ಬಿಜಾಪುರದಲ್ಲಿ ಬೆಳೆಯಿತು. ಬೀದರ್ ಕೋಟೆಯ ಗುಂಬದ್ ದರ್ವಾಜಾ, ಹುಲಿಗಳ ಉಬ್ಬುಚಿತ್ರವಿರುವ 1503ರ ಶರ್ಜಾ ದರ್ವಾಜಾ ಈ ಬೆಳವಣಿಗೆಯ ಒಳ್ಳೆಯ ಮಾದರಿಗಳು.

ಬುರುಜು ಏಕೆ ಬೇಕು

ಊರಬಾಗಿಲು ಎಂದಾಗ ನಾವು ತೆರವನ್ನು ನೋಡುತ್ತೇವೆ, ಕದವನ್ನು ನೋಡುತ್ತೇವೆ. ಆದರೆ ಕಮಾನನ್ನು ಹಿಡಿದು ನಿಲ್ಲಿಸಿರುವುದು ಅದರ ಎರಡು ಬದಿ. ಅವನ್ನು ಬಾಗಿಲಿನ ಹೆಗಲು ಎನ್ನೋಣ. ಒದೆತ ಎಷ್ಟೇ ಕಡಿಮೆಯಾದರೂ ಸೊನ್ನೆಯಾಗುವುದಿಲ್ಲ. ಏಣಿಯ ಬುಡಕ್ಕೆ ಕಾಲು ಕೊಟ್ಟವರು ಸರಿದು ಹೋದರೆ ಏಣಿ ಬೀಳುತ್ತದೆ.

ಗಾಥಿಕ್ ಇಗರ್ಜಿಯವರು ಗೋಡೆಯಿಂದಾಚೆ ಆನಿಕೆಗಂಬಗಳನ್ನು ಕಟ್ಟಿ, ಅವಕ್ಕೆ ಅರ್ಧಕಮಾನು ಚಾಚಿ, ಒದೆತವನ್ನು ದೂರಕ್ಕೆ ಒಯ್ದು ನೆಲಕ್ಕಿಳಿಸಿದರು. ಊರಬಾಗಿಲು ಕಟ್ಟುವವರಿಗೆ ಆ ತಾಪತ್ರಯವಿರಲಿಲ್ಲ. ಬಾಗಿಲಿಗೆ ನುಗ್ಗುವ ವೈರಿಯನ್ನು ಎರಡೂ ಪಕ್ಕದಿಂದ ಹೊಡೆಯಲು ಸೈನಿಕರಿಗೆ ಬುರುಜು ಬೇಕೇಬೇಕಿತ್ತು. ಬಾಗಿಲಿನ ಎಡಬಲಕ್ಕೆ ನಿಂತ ಆ ಗಟ್ಟಿ ಬುರುಜುಗಳೇ ಕಮಾನಿನ ಒದೆತವನ್ನೂ ನುಂಗಿದವು. ದಂಡನಾಯಕ ಕೇಳಿದ್ದೂ ಗೌಂಡಿ ಕೇಳಿದ್ದೂ ಒಂದೇ ವಸ್ತು. ಯುರೋಪಿನ ಊರಬಾಗಿಲೂ ದಖ್ಖನದ ಊರಬಾಗಿಲೂ ಅಣ್ಣತಮ್ಮಂದಿರಂತೆ ಕಾಣುವುದಕ್ಕೆ, ನನ್ನ ಪ್ರಕಾರ, ಕಮಾನಿನ ಆಕಾರಕ್ಕಿಂತ ಇದೇ ದೊಡ್ಡ ಕಾರಣ.

ನೆತ್ತಿಯ ಮೇಲಿನ ಹೊರೆಗೂ ಇಲ್ಲಿ ಒಂದು ಪಾತ್ರವಿದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಒಂದು ಸತ್ಯವನ್ನು ಅಕ್ಷರ ಪಲ್ಲಟ ಮಾಡಿ ಗುಟ್ಟಾಗಿ ಅಚ್ಚು ಹಾಕಿಸಿದ. ಬಿಡಿಸಿದ ರೂಪ ಹೊರಬಂದದ್ದು ಅವನು ತೀರಿಕೊಂಡ ಮೇಲೆ. ಸರಪಳಿಯನ್ನು ಎರಡು ತುದಿ ಹಿಡಿದು ಇಳಿಬಿಟ್ಟರೆ ಅದು ಯಾವ ಆಕಾರ ತಳೆಯುತ್ತದೋ, ಅದನ್ನು ತಲೆಕೆಳಗು ಮಾಡಿದರೆ ಅದೇ ನಿಲ್ಲಬಲ್ಲ ಕಮಾನು ಎಂಬುದು ಆ ಸತ್ಯ. ಮನೆಯಲ್ಲೇ ಮಾಡಿ ನೋಡಿ. ಬರಿಯ ಸರಪಳಿ ದುಂಡಗೆ ಇಳಿಯುತ್ತದೆ. ನಡುವೆ ಒಂದು ಬೀಗ ತೂಗುಹಾಕಿ, ಸರಪಳಿ ಚೂಪಾಗುತ್ತದೆ. ಅಂದರೆ ಚೂಪುಕಮಾನು ನೆತ್ತಿಯ ಮೇಲೆ ಭಾರ ಬಯಸುವ ಕಮಾನು. ಭಾರವೆಲ್ಲ ಬದಿಯಲ್ಲೇ ಬಿದ್ದು ನೆತ್ತಿ ಹಗುರಾದರೆ ಅದು ಮೇಲಕ್ಕೆ ಚಿಮ್ಮಲು ನೋಡುತ್ತದೆ. ಬಾಗಿಲಿನ ಮೇಲೆ ದಪ್ಪ ಗೋಡೆ, ತೆನೆ, ಕಾವಲುಕೋಣೆ ಕೂತರೆ ಕಮಾನಿಗೆ ಅದು ಉಪಕಾರವೇ. 1732ರ ಪುಣೆಯ ಶನಿವಾರವಾಡೆಯಲ್ಲಿ ದಿಲ್ಲಿ ದರ್ವಾಜಾದ ಮೇಲೆ ನಗಾರಖಾನೆ ಕೂತಿರುವುದನ್ನು ನೋಡುವಾಗ ಇದನ್ನು ನೆನೆಯಬಹುದು.

ಬಿರುಕನ್ನು ಓದುವುದು

ಹೆಗಲು ಸರಿದರೆ ಏನಾಗುತ್ತದೆ? ಜರ್ಮನಿಯ ಲ್ಯೂಬೆಕ್‌ನ ಹೋಲ್ಸ್‌ಟೆನ್ ಬಾಗಿಲು ಗಾಥಿಕ್ ಊರಬಾಗಿಲುಗಳಲ್ಲಿ ಬಹಳ ಹೆಸರಾದದ್ದು. 1464ರಿಂದ 1478ರವರೆಗೆ ಇಟ್ಟಿಗೆಯಲ್ಲಿ ಕಟ್ಟಿದರು. ವೈರಿ ಬರುವ ಹೊರಮುಖಕ್ಕೆ ಗೋಡೆ ಮೂರೂವರೆ ಮೀಟರ್ ದಪ್ಪ, ಊರ ಕಡೆಗೆ ಒಂದು ಮೀಟರಿಗಿಂತ ತೆಳು. ತಳದಲ್ಲಿ ಜವುಗು ನೆಲ. ಎರಡು ದುಂಡುಬುರುಜುಗಳೂ ಕುಸಿದು ವಾಲಿದವು, ಇವತ್ತಿಗೂ ವಾಲಿಕೊಂಡೇ ಇವೆ. 1863ರಲ್ಲಿ ಊರಿನ ಪ್ರತಿನಿಧಿಸಭೆಯವರು ಕೆಡವುವುದೋ ಉಳಿಸುವುದೋ ಎಂದು ಮತ ಹಾಕಿದಾಗ ಅದು ಉಳಿದದ್ದು ಒಂದೇ ಒಂದು ಮತದಿಂದ. 1930ರ ದಶಕದಲ್ಲಿ ಕಬ್ಬಿಣ ಬಿಗಿದು ಭದ್ರ ಮಾಡಿದರು.

ಇಷ್ಟು ವಾಲಿದ್ದು ಬೀಳಲಿಲ್ಲ ಏಕೆ ಎಂಬುದಕ್ಕೆ ಕೇಂಬ್ರಿಜ್‌ನ ಎಂಜಿನಿಯರ್ ಜಾಕ್ ಹೇಮನ್ 1960ರ ದಶಕದಿಂದ ತಿಳಿಸಿಹೇಳಿದ ವಿಚಾರ ನೆರವಾಗುತ್ತದೆ. ಹೆಗಲು ಕೊಂಚ ಹಿಂದೆ ಸರಿದರೆ ಕಮಾನು ಅಗಲವಾದ ತೆರವಿಗೆ ಹೊಂದಿಕೊಳ್ಳಬೇಕು. ನೆತ್ತಿ ತುಸು ಇಳಿಯುತ್ತದೆ. ನೆತ್ತಿಯ ಸಂದು ಕೆಳಗಿನಿಂದ ಬಾಯಿ ಬಿಡುತ್ತದೆ, ಬುಡದ ಹತ್ತಿರ ಎರಡೂ ಕಡೆ ಮೇಲ್ಮುಖದಲ್ಲಿ ಸಂದು ಬಿಡುತ್ತದೆ. ಆ ಮೂರು ಜಾಗಗಳು ಕೀಲುಗಳಂತೆ ಕೆಲಸ ಮಾಡುತ್ತವೆ. ಮೂರು ಕೀಲಿನ ಕಮಾನು ಬಿರುಕಿದ್ದರೂ ನಿಲ್ಲುತ್ತದೆ. ನಾಲ್ಕನೆಯ ಕೀಲು ಮೂಡಿದರೆ ಮಾತ್ರ ಮಡಚಿಕೊಂಡು ಬೀಳುತ್ತದೆ. ಹಾಗಾಗಿ ಹಳೆಯ ಬಾಗಿಲಿನ ನೆತ್ತಿಯಲ್ಲಿ ಬಿರುಕು ಕಂಡೊಡನೆ ಅಪಾಯವೆಂದು ಕೆಡವಲು ಹೊರಡುವುದು ಅವಸರ. ಆ ಬಿರುಕು ಬೆಳೆಯುತ್ತಿದೆಯೇ ಎಂದು ಮೊದಲು ನೋಡಬೇಕು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ಕಾಯುವುದು ಹಳೆಯ ಕ್ರಮ. ಗಾಜು ಒಡೆದರೆ ಹೆಗಲು ಇನ್ನೂ ಸರಿಯುತ್ತಿದೆ ಎಂದರ್ಥ. ಒಡೆಯದಿದ್ದರೆ ಕಮಾನು ತನ್ನ ಹೊಸ ನೆಲೆಯನ್ನು ಕಂಡುಕೊಂಡಿದೆ.

ಹೆಗಲಿನ ಬೆಲೆ ದಂಡೆತ್ತಿ ಬಂದವರಿಗೂ ಗೊತ್ತಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ, ಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಗಾತ್ರ ನೋಡಿ ಹಣ ಕೊಡಿಸಿದನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್ ಬರೆದಿದ್ದಾನೆ. ಗಾರೆಯಿಲ್ಲದೆ ಪೇರಿಸಿ, ಹಿಂದೆ ಮಣ್ಣು ತುಂಬಿದ ಗೋಡೆ. ಕ್ರಿಸ್ಟೊವಾವ್ ಡಿ ಫಿಗೆರೆದೊ ಎಂಬವನ ಬಂದೂಕಿನವರು ಮೇಲಿದ್ದ ಕಾವಲಿನವರನ್ನು ತಲೆ ಎತ್ತದಂತೆ ಮಾಡುತ್ತಿದ್ದರೆ, ಕೆಳಗೆ ಜನ ಹಾರೆಯಿಂದ ಕಲ್ಲು ಮೀಟಿದರು. ಕೋಟೆ ರಾಯನ ಕೈಸೇರಿತು.

ಇಂದು ಬಂದೂಕಿಲ್ಲದೆಯೂ ಅದೇ ಕೆಲಸ ನಡೆಯುತ್ತಿದೆ. ಮನೆಗೆ ತಳಪಾಯ ಬೇಕೆಂದು ಕೋಟೆಗೋಡೆಯ ಕಲ್ಲು ಒಯ್ಯುತ್ತೇವೆ, ರಸ್ತೆ ಅಗಲ ಮಾಡಲು ಬಾಗಿಲಿನ ಅಕ್ಕಪಕ್ಕದ ಗೋಡೆ ಒಡೆದು, ನಡುವಿನ ಕಮಾನನ್ನಷ್ಟೇ ಸ್ಮಾರಕವೆಂದು ಉಳಿಸಿ ಸುಣ್ಣ ಬಳಿಯುತ್ತೇವೆ. ಒದೆತ ಹೊರಲು ಯಾರೂ ಇಲ್ಲದ ಕಮಾನು ಎಷ್ಟು ಅಂದವಾಗಿ ಕಂಡರೂ ಅಭದ್ರ. ಪೇಡಗಾಂವ್, ರಾಯಚೂರು, ಬೀದರ್, ಬಿಜಾಪುರ, ನಿಮ್ಮೂರಿನ ಅಗಸೆಬಾಗಿಲು, ಯಾವುದನ್ನು ನೋಡಲು ಹೋದರೂ ಕಮಾನಿನ ಎದುರು ಒಂದು ಫೋಟೋ ತೆಗೆದುಕೊಂಡ ಮೇಲೆ ಎಡಕ್ಕೂ ಬಲಕ್ಕೂ ಹತ್ತು ಹೆಜ್ಜೆ ನಡೆದು ಬುರುಜಿನ ಬುಡ ನೋಡಿ. ಅಲ್ಲಿ ಕಲ್ಲು ಕಿತ್ತಿದ್ದರೆ, ಆಲದ ಬೇರು ಸಂದು ಬಿಡಿಸಿದ್ದರೆ, ಮಳೆನೀರು ನಿಂತು ಮಣ್ಣು ಕೊರೆದಿದ್ದರೆ ಊರಿನ ಪಂಚಾಯಿತಿಗೋ ಪುರಾತತ್ವ ಇಲಾಖೆಗೋ ಒಂದು ಕಾಗದ ಬರೆಯಿರಿ, ಫೋಟೋ ಜೊತೆಗಿಡಿ.